ವಿಲ್ಸನ್ನರ ಹಟ

ಲೀಗ್ ಆಫ್ ನೇಷನ್ಸ್ ಎಂಬ ರಾಷ್ಟ್ರಸಂಘಕ್ಕೆ ರೂಪು ಕೊಟ್ಟವರಲ್ಲಿ ಅಗ್ರಗಣ್ಯರು ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ನರು. ಆ ಸಂಘವನ್ನು ಎಂದೂ ಸೇರದೆ ಉಳಿದ ದೊಡ್ಡ ರಾಷ್ಟ್ರವೂ ಅವರದೇ. ಈ ವೈಪರೀತ್ಯಕ್ಕೆ ಅವರ ಎದುರಾಳಿಗಳನ್ನು ಮಾತ್ರ ಹೊಣೆಮಾಡುವ ವಾಡಿಕೆಯುಂಟು. ಅವರ ಜೀವನವನ್ನು ಓದಿದಷ್ಟೂ ನನಗೆ ಅದು ಅರ್ಧಸತ್ಯವೆಂದೇ ತೋರಿದೆ.

1856ರಲ್ಲಿ ವರ್ಜೀನಿಯದ ಸ್ಟಾಂಟನ್ ಊರಿನಲ್ಲಿ ಪಾದ್ರಿಯೊಬ್ಬರ ಮಗನಾಗಿ ಅವರು ಜನಿಸಿದರು. ಬಾಲ್ಯ ಕಳೆದದ್ದು ಅಂತರ್ಯುದ್ಧದ ನೆರಳಿನಲ್ಲಿ. ಜಾರ್ಜಿಯದ ಅಗಸ್ಟದಲ್ಲಿ ತಂದೆಯ ಇಗರ್ಜಿಯೇ ಗಾಯಾಳು ಸೈನಿಕರ ಆಸ್ಪತ್ರೆಯಾಗಿತ್ತು. ಯುದ್ಧವೆಂದರೇನೆಂಬುದನ್ನು ಅವರು ಗ್ರಂಥಗಳಿಂದ ಕಲಿಯಬೇಕಾಗಿರಲಿಲ್ಲ. ಮುಂದೆ ರಾಜ್ಯಶಾಸ್ತ್ರದ ವಿದ್ವಾಂಸರಾಗಿ, 1902ರಿಂದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿ ಹೆಸರು ಗಳಿಸಿದರು. ಅಲ್ಲಿ ಸ್ನಾತಕೋತ್ತರ ಕಾಲೇಜಿನ ವಿಷಯದಲ್ಲಿ ರಾಜಿಗೆ ಒಪ್ಪದೆ ಸೋತರು. ಆ ಸೋಲು ಅವರಿಗೆ ಪಾಠವಾಗಲಿಲ್ಲ.

1913ರಲ್ಲಿ ರಾಷ್ಟ್ರಾಧ್ಯಕ್ಷರಾದ ವಿಲ್ಸನ್ನರು 1919ರ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿ ತಾವೇ ಕುಳಿತು ಸಂಘದ ನಿಬಂಧನೆಗಳನ್ನು ರೂಪಿಸಿದರು. ಆದರೆ ಒಪ್ಪಂದಕ್ಕೆ ಸಮ್ಮತಿ ಕೊಡಬೇಕಾದ ಸೆನೆಟ್ ಸಭೆಯ ಒಬ್ಬ ಸದಸ್ಯರನ್ನೂ ಜೊತೆಗೆ ಕರೆದೊಯ್ಯಲಿಲ್ಲ. ಅದರ ಹತ್ತನೆಯ ವಿಧಿಯಂತೆ, ಒಂದು ಸದಸ್ಯ ರಾಷ್ಟ್ರದ ಮೇಲೆ ದಾಳಿಯಾದರೆ ಉಳಿದವು ಅದರ ನೆಲವನ್ನೂ ಸ್ವಾತಂತ್ರ್ಯವನ್ನೂ ಕಾಪಾಡಬೇಕು. ಯುದ್ಧ ಸಾರುವ ಅಧಿಕಾರ ಅಮೆರಿಕದಲ್ಲಿ ಕಾಂಗ್ರೆಸ್ಸಿನದು. ಅದನ್ನು ಹೊರಗಿನ ಮಂಡಲಿಗೆ ಬಿಟ್ಟುಕೊಡಬಹುದೆ ಎಂದು ಸೆನೆಟರ್ ಹೆನ್ರಿ ಕ್ಯಾಬಟ್ ಲಾಡ್ಜ್ ಕೇಳಿದರು. ಹದಿನಾಲ್ಕು ಷರತ್ತುಗಳನ್ನು ಮುಂದಿಟ್ಟರು. ಲಾಡ್ಜರ ಮನಸ್ಸಿನಲ್ಲಿ ವೈಯಕ್ತಿಕ ದ್ವೇಷವಿದ್ದುದು ನಿಜ. ಆದರೂ ಪ್ರಶ್ನೆ ಕ್ಷುಲ್ಲಕವಾಗಿರಲಿಲ್ಲ. ಯಾರ ಮಕ್ಕಳು ಎಲ್ಲಿ ಹೋಗಿ ಪ್ರಾಣ ಕೊಡಬೇಕೆಂಬ ಪ್ರಶ್ನೆ ಅದು.

ವಿಲ್ಸನ್ನರು ಜನತೆಯ ಬಳಿಗೇ ಹೊರಟರು. ಸೆಪ್ಟೆಂಬರಿನಲ್ಲಿ ರೈಲಿನಲ್ಲಿ ಸುಮಾರು 8,000 ಮೈಲಿ ಸಂಚರಿಸಿ, ಊರೂರುಗಳಲ್ಲಿ ಭಾಷಣ ಮಾಡಿ, ಕೊಲೊರಾಡೊದ ಪ್ವೆಬ್ಲೊದಲ್ಲಿ ಬಳಲಿ ಕುಸಿದರು. ಅಕ್ಟೋಬರ್ 2ರಂದು ಪಾರ್ಶ್ವವಾಯು ಬಡಿಯಿತು. ಹಾಸಿಗೆಯಿಂದಲೂ ಅವರು ತಮ್ಮ ಡೆಮೊಕ್ರಾಟಿಕ್ ಪಕ್ಷದವರಿಗೆ ಕಳುಹಿದ ಆದೇಶ ಒಂದೇ: ಲಾಡ್ಜರ ಷರತ್ತುಗಳೊಡನೆ ಒಪ್ಪಂದ ಬಂದರೆ ತಿರಸ್ಕರಿಸಿ.

1920ರ ಮಾರ್ಚ್ 19ರಂದು ಷರತ್ತುಗಳೊಡನೆ ಒಪ್ಪಂದ ಮತಕ್ಕೆ ಬಂತು. ಪರವಾಗಿ 49, ವಿರುದ್ಧವಾಗಿ 35. ಅಗತ್ಯವಾದ ಮೂರನೆಯ ಎರಡು ಪಾಲಿಗೆ ಏಳು ಮತಗಳು ಕಡಿಮೆ. ವಿರೋಧಿಸಿದವರಲ್ಲಿ 23 ಮಂದಿ ವಿಲ್ಸನ್ನರ ಪಕ್ಷದವರೇ. ಅವರ ಮಾತಿಗೆ ಕಟ್ಟುಬಿದ್ದವರಲ್ಲಿ ಏಳು ಮಂದಿ ಮೀರಿ ನಡೆದಿದ್ದರೆ ಸಮ್ಮತಿ ದೊರೆಯುತ್ತಿತ್ತು.

1919ರ ನೊಬೆಲ್ ಶಾಂತಿ ಪಾರಿತೋಷಕ ಅವರಿಗೆ ಸಂದಿತು. 1924ರ ಫೆಬ್ರವರಿ 3ರಂದು ಅವರು ತೀರಿಕೊಂಡರು. ಅಮೆರಿಕ ಒಳಗಿದ್ದರೆ ಎರಡನೆಯ ಮಹಾಯುದ್ಧ ತಪ್ಪುತ್ತಿತ್ತೆಂದು ನಾನು ಹೇಳಲಾರೆ. ಆದರೆ 1945ರಲ್ಲಿ ಅದೇ ಸೆನೆಟ್ ವಿಶ್ವಸಂಸ್ಥೆಯ ಸನದನ್ನು 89ಕ್ಕೆ 2 ಮತಗಳಿಂದ ಒಪ್ಪಿತು. ಅದರ ಭದ್ರತಾ ಮಂಡಲಿಯಲ್ಲಿ ಅಮೆರಿಕಕ್ಕೆ ನಿಷೇಧಾಧಿಕಾರವಿತ್ತು. ಅಮೆರಿಕದ ಇಚ್ಛೆಗೆ ವಿರುದ್ಧವಾಗಿ ಆ ಮಂಡಲಿ ಯುದ್ಧವನ್ನು ಹೇರುವಂತಿರಲಿಲ್ಲ. ಲಾಡ್ಜರ ಸಂಶಯಕ್ಕೆ ಉತ್ತರ ಕೊಟ್ಟ ಮೇಲೆಯೇ ವಿಲ್ಸನ್ನರ ಆಸೆ ಕೈಗೂಡಿತು.