ಒಂದು ಅಂಕಿಯ ನೆರಳಲ್ಲಿ ಕಮರಿದ ಪಂತಾನಿ

ಇಟಲಿಯ ಸೈಕ್ಲಿಂಗ್ ಪಟು ಮಾರ್ಕೊ ಪಂತಾನಿ ಬದುಕಿದ್ದಷ್ಟು ಕಾಲ ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಒಮ್ಮೆಯೂ ಸಿಕ್ಕಿಬೀಳಲಿಲ್ಲ. ಆದರೂ ಮದ್ದಿನ ಕಳಂಕ ಹೊತ್ತೇ ಸತ್ತ. ಸತ್ತು 9 ವರ್ಷಗಳ ನಂತರ, ಆತ ಮದ್ದು ಬಳಸಿದ್ದು ನಿಜವೆನ್ನುವ ಪುರಾವೆ ಹೊರಬಿತ್ತು. ಅದರ ಮರುವರ್ಷವೇ, ಆತನನ್ನು ಕೆಡವಿದ ಹಳೆಯ ರಕ್ತ ಪರೀಕ್ಷೆಯಲ್ಲಿ ಮೋಸ ನಡೆದಿತ್ತೇ ಎಂಬ ತನಿಖೆ ಆರಂಭವಾಯಿತು. ಈ ಎರಡು ಸಂಗತಿಗಳು ಒಂದನ್ನೊಂದು ಅಳಿಸುವುದಿಲ್ಲ. ಪಂತಾನಿಯ ಕಥೆ ಹೇಳುವವರು ಮಾತ್ರ ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮರೆಯುತ್ತಾರೆ.

ಪಂತಾನಿ ಹುಟ್ಟಿದ್ದು 1970ರ ಜನವರಿ 13ರಂದು, ಚೆಸೆನಾ ಪಟ್ಟಣದಲ್ಲಿ. ಬೆಳೆದದ್ದು ಏಡ್ರಿಯಾಟಿಕ್ ಕಡಲ ತೀರದ ಚೆಸೆನಾಟಿಕೊ ಎಂಬ ಊರಿನಲ್ಲಿ. ತಂದೆ ಕೊಳಾಯಿ ಕೆಲಸಗಾರ. ತಾಯಿ ಟೊನೀನಾ ಆ ಸೀಮೆಯ ರೊಟ್ಟಿಯಾದ ಪಿಯಾದೀನಾ ಮಾರುತ್ತಿದ್ದರು. ಕಡಲ ಮಟ್ಟದ ಬಯಲಿನ ಹುಡುಗ ಬೆಟ್ಟ ಹತ್ತುವುದರಲ್ಲಿ ಜಗತ್ತನ್ನೇ ಮೀರಿಸಿದ್ದು ವಿಶೇಷ. 1992ರಲ್ಲಿ ಹವ್ಯಾಸಿಗಳ ಜಿರೊ ಗೆದ್ದು ಅದೇ ವರ್ಷ ವೃತ್ತಿಪರನಾದ.

ಮೂರು ವಾರಗಳ ಕಾಲ ಸಾವಿರಾರು ಕಿಲೋಮೀಟರ್ ಸಾಗುವ ಮಹಾ ಸ್ಪರ್ಧೆಗಳಲ್ಲಿ ಎರಡು, ಇಟಲಿಯ ಜಿರೊ ಹಾಗೂ ಫ್ರಾನ್ಸಿನ ಟೂರ್. ಜಿರೊದಲ್ಲಿ ಮುನ್ನಡೆದವನಿಗೆ ಗುಲಾಬಿ ಅಂಗಿ, ಟೂರ್‌ನಲ್ಲಿ ಹಳದಿ ಅಂಗಿ. 1994ರಲ್ಲಿ ಪಂತಾನಿ ಜಿರೊದಲ್ಲಿ ಎರಡನೆಯವನಾದ, ಟೂರ್‌ನಲ್ಲಿ ಮೂರನೆಯವನಾದ. ಆಗ ಸೈಕ್ಲಿಂಗ್ ಗಡಿಯಾರದ ಲೆಕ್ಕಾಚಾರದ ಆಟವಾಗಿತ್ತು. ಸುಮಾರು 57 ಕಿಲೋ ತೂಕದ ಈ ಬೋಳುತಲೆಯ ಯುವಕ ಲೆಕ್ಕವನ್ನು ಬದಿಗಿಟ್ಟು ಕಡಿದಾದ ಜಾಗ ಕಂಡೊಡನೆ ಎದ್ದು ನಿಂತು ತುಳಿಯುತ್ತಿದ್ದ. ಕಿವಿಗೆ ಓಲೆ, ತಲೆಗೆ ಕರವಸ್ತ್ರ ಕಟ್ಟಿದ ಆತನನ್ನು ಅಭಿಮಾನಿಗಳು ಕಡಲ್ಗಳ್ಳ ಎಂದೇ ಕರೆದರು. ಆಲ್ಪ್ಸ್ ಪರ್ವತದ ಆಲ್ಪ್ ದುಯೆಜ್ ಏರು 21 ತಿರುವುಗಳ, ಸುಮಾರು 14 ಕಿ.ಮೀ. ದಾರಿ. ಸಕಲೇಶಪುರದ ಕೆಳಗಿನ ಶಿರಾಡಿ ಘಾಟಿಯನ್ನು ಕಾರಿನಲ್ಲಿ ಏರಿದವರೂ ಬೆವರುವಂಥ ಕಡಿದು. ಅಲ್ಲಿ ಆತ 1995 ಮತ್ತು 1997ರಲ್ಲಿ ಗೆದ್ದ.

ನಡುವೆ ಒಂದು ಅವಘಡ. 1995ರ ಅಕ್ಟೋಬರ್ 18ರಂದು ಮಿಲಾನ್–ಟುರಿನ್ ಸ್ಪರ್ಧೆಯಲ್ಲಿ ಇಳಿಜಾರಿನಲ್ಲಿ ಎದುರು ಬಂದ ಜೀಪಿಗೆ ಬಡಿದು ಎಡಗಾಲಿನ ಮೂಳೆಗಳು ಮುರಿದವು. ಆಸ್ಪತ್ರೆಯಲ್ಲಿ ತೆಗೆದ ರಕ್ತದಲ್ಲಿ ಕೆಂಪುಕಣಗಳ ಪಾಲು ಶೇ 60ನ್ನು ಮುಟ್ಟಿತ್ತು. ಆರೋಗ್ಯವಂತ ಗಂಡಸಿನಲ್ಲಿ ಇದು ಶೇ 40ರಿಂದ 50ರ ನಡುವೆ ಇರುತ್ತದೆ. ಅಂದು ಯಾರೂ ಗಮನಿಸದ ಆ ಕಾಗದ ಮುಂದೆ ನ್ಯಾಯಾಲಯದ ಮೆಟ್ಟಿಲೇರಿತು. 2000ದಲ್ಲಿ ಫೋರ್ಲಿ ನ್ಯಾಯಾಲಯ ಕ್ರೀಡಾ ವಂಚನೆಯ ಆರೋಪದಲ್ಲಿ 3 ತಿಂಗಳ ಅಮಾನತು ಶಿಕ್ಷೆ ವಿಧಿಸಿತು. 1995ರಲ್ಲಿ ಅಂಥ ಕಾನೂನೇ ಇರಲಿಲ್ಲವೆಂಬ ಕಾರಣಕ್ಕೆ ಮೇಲ್ಮನವಿಯಲ್ಲಿ ಬಿಡುಗಡೆಯಾಯಿತು.

ಕೆಂಪುಕಣಗಳ ವಿಚಾರ ಇಷ್ಟು ದೊಡ್ಡದಾಗಲು ಕಾರಣವಿದೆ. ಎರಿಥ್ರೊಪೊಯೆಟಿನ್, ಅಂದರೆ ಇಪಿಒ, ಮೂತ್ರಪಿಂಡ ಉತ್ಪಾದಿಸುವ ಹಾರ್ಮೋನು. ಡಯಾಲಿಸಿಸ್ ರೋಗಿಗಳ ರಕ್ತಹೀನತೆಗೆ ಇದನ್ನೇ ಚುಚ್ಚುಮದ್ದಾಗಿ ಕೊಡುತ್ತಾರೆ. ಆರೋಗ್ಯವಂತ ಕ್ರೀಡಾಪಟು ಚುಚ್ಚಿಕೊಂಡರೆ ರಕ್ತ ಹೆಚ್ಚು ಆಮ್ಲಜನಕ ಹೊರುತ್ತದೆ, ಕಾಲು ಸೋಲುವುದು ತಡವಾಗುತ್ತದೆ. ರಕ್ತ ಗಟ್ಟಿಯಾಗಿ ಹೃದಯ ನಿಲ್ಲುವ ಅಪಾಯವೂ ಇದೆ. 1990ರ ದಶಕದಲ್ಲಿ ಇದನ್ನು ಪತ್ತೆ ಮಾಡುವ ಪರೀಕ್ಷೆಯೇ ಇರಲಿಲ್ಲ. ಹೀಗಾಗಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 1997ರಲ್ಲಿ ಒಂದು ಅಡ್ಡದಾರಿ ಹಿಡಿಯಿತು. ಕೆಂಪುಕಣ ಶೇ 50 ದಾಟಿದರೆ ಸವಾರ 15 ದಿನ ಸ್ಪರ್ಧಿಸುವಂತಿಲ್ಲ. ಇದು ಶಿಕ್ಷೆಯಲ್ಲ, ಆರೋಗ್ಯದ ಎಚ್ಚರಿಕೆ ಎಂದು ನಿಯಮ ಹೇಳಿತು. ವಾಸ್ತವದಲ್ಲಿ, 49ರವರೆಗೆ ಚುಚ್ಚಿಕೊಳ್ಳಲು ಪರವಾನಗಿ ಕೊಟ್ಟಂತಾಯಿತು.

1998 ಪಂತಾನಿಯ ವರ್ಷ. ಜೂನ್‌ನಲ್ಲಿ ಜಿರೊ ಗೆದ್ದ. ಜುಲೈನಲ್ಲಿ ಟೂರ್ ಆರಂಭಕ್ಕೆ ಮುನ್ನವೇ ಫೆಸ್ಟಿನಾ ತಂಡದ ನೌಕರನೊಬ್ಬ ಫ್ರಾನ್ಸ್ ಗಡಿಯಲ್ಲಿ ಇಪಿಒ ತುಂಬಿದ ಕಾರಿನೊಂದಿಗೆ ಸಿಕ್ಕಿಬಿದ್ದ. ಪೊಲೀಸರು ಹೋಟೆಲುಗಳ ಮೇಲೆ ದಾಳಿ ನಡೆಸಿದರು, ಸವಾರರು ರಸ್ತೆಯಲ್ಲೇ ಕುಳಿತು ಪ್ರತಿಭಟಿಸಿದರು, ತಂಡಗಳು ಊರಿಗೆ ಮರಳಿದವು. ಆ ಗದ್ದಲದ ನಡುವೆ ಜುಲೈ 27ರಂದು, ಕೊರೆಯುವ ಮಳೆಯಲ್ಲಿ, 2,642 ಮೀಟರ್ ಎತ್ತರದ ಗಾಲಿಬಿಯೆ ಕಣಿವೆದಾರಿಯಲ್ಲಿ ಪಂತಾನಿ ಒಂಟಿಯಾಗಿ ಮುನ್ನುಗ್ಗಿದ. ಬೆಳಗ್ಗೆ ಯಾನ್ ಉಲ್ರಿಕ್‌ಗಿಂತ 3 ನಿಮಿಷ 1 ಸೆಕೆಂಡು ಹಿಂದಿದ್ದವನು ಸಂಜೆ ಆತನಿಗಿಂತ ಸುಮಾರು 6 ನಿಮಿಷ ಮುಂದಿದ್ದ. ಒಂದೇ ವರ್ಷ ಎರಡೂ ಕಿರೀಟ ಧರಿಸಿದವನು ಅವನ ನಂತರ 2024ರವರೆಗೆ ಬರಲಿಲ್ಲ. ಕಳಂಕಿತ ಟೂರ್ ಅನ್ನು ಉಳಿಸಿದವನೆಂದು ಪತ್ರಿಕೆಗಳು ಹೊಗಳಿದವು.

ಮರುವರ್ಷದ ಜಿರೊದಲ್ಲಿ ಆತನಿಗೆ ಸರಿಸಾಟಿಯೇ ಇರಲಿಲ್ಲ. ಒರೊಪಾ ಏರಿನ ಬುಡದಲ್ಲಿ ಚೈನು ಕಳಚಿ ನಿಂತವನು ಮತ್ತೆ ಹತ್ತಿ 49 ಮಂದಿಯನ್ನು ಹಿಂದಿಕ್ಕಿ ಗೆದ್ದ. 1999ರ ಜೂನ್ 4ರಂದು ಮದೊನ್ನಾ ದಿ ಕಂಪೀಲ್ಯೊದಲ್ಲಿ ನಾಲ್ಕನೇ ಹಂತ ಗೆದ್ದಾಗ ಮುನ್ನಡೆ 5 ನಿಮಿಷ 38 ಸೆಕೆಂಡು. ಉಳಿದದ್ದು ಎರಡೇ ದಿನ. ಜೂನ್ 5ರ ಬೆಳಗ್ಗೆ ಹೋಟೆಲಿನಲ್ಲಿ ರಕ್ತ ತೆಗೆದರು. ಫಲಿತಾಂಶ ಶೇ 52. ಕ್ಯಾಮೆರಾಗಳ ಮುಂದೆ ಪೊಲೀಸರ ಕಾವಲಿನಲ್ಲಿ ಪಂತಾನಿ ಹೊರನಡೆದ. ಎರಡನೇ ಸ್ಥಾನದಲ್ಲಿದ್ದ ಪಾವೊಲೊ ಸವೊಲ್ದೆಲ್ಲಿ ಅಂದು ಗುಲಾಬಿ ಅಂಗಿ ಧರಿಸಲು ನಿರಾಕರಿಸಿದ. ಜಿರೊ ಇವಾನ್ ಗೊತ್ತಿಯ ಪಾಲಾಯಿತು.

ಅದೇ ದಿನ ಮನೆಯ ದಾರಿಯಲ್ಲಿ ಇಮೊಲಾ ಊರಿನಲ್ಲಿ ಮಾಡಿಸಿದ ಪರೀಕ್ಷೆ 50ರ ಒಳಗಿನ ಅಂಕಿ ತೋರಿಸಿತು. ವಿವಾದ ಹುಟ್ಟಿದ್ದು ಇಲ್ಲಿ. ನಿರ್ಜಲೀಕರಣದಿಂದ, ಎತ್ತರದ ಪ್ರದೇಶದ ವಾಸದಿಂದಲೂ ಈ ಅಂಕಿ ಏರುತ್ತದೆ. ರಕ್ತದ ದ್ರವಭಾಗ ತೆಗೆದರೂ ಏರುತ್ತದೆ. ಇನ್ನೊಂದೆಡೆ, ನೀರು ಕುಡಿದು, ಲವಣದ್ರಾವಣ ಏರಿಸಿಕೊಂಡು ಅದನ್ನು ಇಳಿಸುವುದೂ ಆ ಕಾಲದ ಸವಾರರಿಗೆ ಕರಗತವಾಗಿತ್ತು. ಆದ್ದರಿಂದ ಸಂಜೆಯ ಅಂಕಿ ಬೆಳಗಿನದ್ದನ್ನು ಸುಳ್ಳಾಗಿಸಲಿಲ್ಲ, ಬೆಳಗಿನದ್ದು ಮದ್ದನ್ನು ಸಾಬೀತುಪಡಿಸಲೂ ಇಲ್ಲ. ಕರ್ನಾಟಕದ ಓದುಗರಿಗೆ 2011ರ ಅಶ್ವಿನಿ ಅಕ್ಕುಂಜಿ ಪ್ರಕರಣ ನೆನಪಿರಬಹುದು. ಅಲ್ಲಿ ನಿಷೇಧಿತ ಸ್ಟೆರಾಯ್ಡಿನ ಹೆಸರಿತ್ತು. ಪೂರಕ ಆಹಾರದಿಂದ ಬಂದಿತೆಂಬ ವಾದ ಮಂಡಿಸಲು ವಿಚಾರಣೆಯಿತ್ತು, ಮೇಲ್ಮನವಿ ಲಾಸಾನ್‌ನ ಕ್ರೀಡಾ ನ್ಯಾಯಮಂಡಳಿಯವರೆಗೆ ಹೋಗಿ 1 ವರ್ಷದ ನಿಷೇಧ 2 ವರ್ಷವಾಯಿತು. ಪಂತಾನಿಗೆ ಸಿಕ್ಕಿದ್ದು 15 ದಿನದ ವಿಶ್ರಾಂತಿ ಆದೇಶ. ಕಾಗದದ ಮೇಲೆ ಆತ ಅಪರಾಧಿಯೇ ಅಲ್ಲ. ಎದುರಿಸಿ ಗೆಲ್ಲಲು ಅಥವಾ ಸೋಲಲು ಮೊಕದ್ದಮೆಯೇ ಇರಲಿಲ್ಲ.

ಆತ ಮತ್ತೆ ಚೇತರಿಸಿಕೊಳ್ಳಲಿಲ್ಲ. 2000ದ ಜುಲೈ 13ರಂದು ನಮ್ಮ ಮುಳ್ಳಯ್ಯನಗಿರಿಯಷ್ಟೇ ಎತ್ತರದ ಮಾಂಟ್ ವಾಂಟು ಶಿಖರದಲ್ಲಿ ಗೆದ್ದನಾದರೂ, ತಾನೇ ಬಿಟ್ಟುಕೊಟ್ಟ ಗೆಲುವೆಂದು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಹೇಳಿಕೊಂಡಿದ್ದು ಅವಮಾನವೆನಿಸಿತು. 1967ರ ಅದೇ ದಿನ ಅದೇ ಏರಿನಲ್ಲಿ ಬ್ರಿಟನ್ನಿನ ಟಾಮ್ ಸಿಂಪ್ಸನ್ ಆಂಫೆಟಮೈನ್ ಸೇವಿಸಿ ಕುಸಿದು ಸತ್ತಿದ್ದ. 2001ರ ಜಿರೊ ವೇಳೆ ನಡೆದ ಪೊಲೀಸ್ ದಾಳಿಯಲ್ಲಿ ಇನ್ಸುಲಿನ್ ಅಂಶವಿದ್ದ ಸಿರಿಂಜ್ ಸಿಕ್ಕಿತೆಂಬ ಆರೋಪ ಬಂತು. ಆತ ನಿರಾಕರಿಸಿದ, ನಿಷೇಧ ಬಂತು. ಕೊಕೇನ್ ಚಟ ಅಂಟಿತು. 2003ರ ಜಿರೊದಲ್ಲಿ 14ನೆಯವನಾಗಿ ಮುಗಿಸಿ, ಖಿನ್ನತೆಯ ಚಿಕಿತ್ಸೆಗೆ ದಾಖಲಾದ. 2004ರ ಫೆಬ್ರುವರಿ 14ರಂದು ರಿಮಿನಿಯ ವಸತಿಗೃಹದ ಕೋಣೆಯಲ್ಲಿ ಶವ ಸಿಕ್ಕಿತು. ವಯಸ್ಸು 34. ಅತಿಯಾದ ಕೊಕೇನ್ ಸೇವನೆ ಎಂದು ವೈದ್ಯರು ವರದಿ ಮಾಡಿದರು. ತಾಯಿ ಟೊನೀನಾ ಅದನ್ನು ಒಪ್ಪಲಿಲ್ಲ.

2013ರ ಜುಲೈನಲ್ಲಿ ಫ್ರಾನ್ಸಿನ ಸೆನೆಟ್ ವರದಿ ಬಂತು. 1998ರ ಟೂರ್‌ನ ಮೂತ್ರ ಮಾದರಿಗಳನ್ನು 2004ರಲ್ಲಿ ಮರುಪರೀಕ್ಷಿಸಿದಾಗ ಪಂತಾನಿಯ ಮಾದರಿಯಲ್ಲಿ ಇಪಿಒ ಕಂಡಿತ್ತು. ಉಲ್ರಿಕ್ ಹೆಸರೂ ಅದರಲ್ಲಿತ್ತು. ಮೂರನೆಯವನಾಗಿದ್ದ ಬಾಬಿ ಜೂಲಿಕ್ ಅದಕ್ಕೂ ಮುನ್ನ, 2012ರಲ್ಲಿ, ತಾನೇ ಒಪ್ಪಿಕೊಂಡಿದ್ದ. ಕಾಲಾನಂತರದ ಸಂಶೋಧನಾ ಪರೀಕ್ಷೆಯಾದ್ದರಿಂದ ಯಾರ ಪದಕವೂ ಹೋಗಲಿಲ್ಲ.

2014ರಲ್ಲಿ ಫೋರ್ಲಿಯ ಸರ್ಕಾರಿ ವಕೀಲರು ಕಂಪೀಲ್ಯೊದ ಕಡತ ತೆರೆದರು. ಪಂತಾನಿ ಗೆದ್ದರೆ ಅಕ್ರಮ ಬೆಟ್ಟಿಂಗ್‌ನಲ್ಲಿ ನಷ್ಟವಾಗುತ್ತಿದ್ದ ಕಮೊರ್ರಾ ಪಾತಕಿಗಳು ರಕ್ತದ ಮಾದರಿಯನ್ನು ಬದಲಿಸಲು ಒತ್ತಡ ತಂದಿದ್ದರೆಂಬುದು ಸಂಶಯ. ಸಂಶಯಕ್ಕೆ ಆಧಾರವಿದೆಯೆಂದು ಕಂಡರೂ ಆರೋಪಿಗಳನ್ನು ಗುರುತಿಸಿ ಮೊಕದ್ದಮೆ ಹೂಡಲಾಗದೆ 2016ರಲ್ಲಿ ತನಿಖೆ ಮುಕ್ತಾಯವಾಯಿತು. ಸಾವಿನ ಮರುತನಿಖೆಯಲ್ಲೂ ಕೊಲೆಯ ಪುರಾವೆ ದೊರೆಯಲಿಲ್ಲ.

ಚೆಸೆನಾಟಿಕೊ ರೈಲು ನಿಲ್ದಾಣದ ಬಳಿ ಆತನ ಸೈಕಲ್, ಅಂಗಿಗಳ ಸಂಗ್ರಹಾಲಯವಿದೆ. 2004ರಿಂದ ಜಿರೊ ಪ್ರತಿ ವರ್ಷ ಒಂದು ಬೆಟ್ಟದೇರನ್ನು ಪಂತಾನಿಗೆ ಅರ್ಪಿಸುತ್ತಿದೆ. 2024ರಲ್ಲಿ ಸ್ಲೊವೇನಿಯಾದ ತಾದೆ ಪೊಗಾಚರ್ ಜಿರೊ, ಟೂರ್ ಎರಡನ್ನೂ ಗೆದ್ದು 26 ವರ್ಷಗಳ ನಂತರ ಪಂತಾನಿಯ ಸಾಧನೆ ಸರಿಗಟ್ಟಿದ. ಆ ಜಿರೊದಲ್ಲಿ ಪೊಗಾಚರ್ ಮೊದಲ ಬಾರಿ ಗುಲಾಬಿ ಅಂಗಿ ತೊಟ್ಟದ್ದು ಒರೊಪಾ ಏರಿನ ಮೇಲೆ.