ಮೋಗ್ಲಿಂಗ್ ಅಯ್ಯನವರ ಜೀವಚರಿತ್ರೆ



ದೂರದೇಶಕ್ಕೆ ಹೋಗಿ ಅಲ್ಲಿಯ ಹಳ್ಳಿಯ ಮಕ್ಕಳಿಗೆ ಕೆಲವು ವರುಷಗಳ ಕಾಲ ಪಾಠ ಹೇಳಬೇಕೆಂಬ ಆಶೆಯು ನಮ್ಮ ಸಭೆಗಳ ಯೌವನಸ್ಥರಲ್ಲಿ ಕೆಲವರಿಗೆ ಹುಟ್ಟುವದುಂಟು. ಆಫ್ರಿಕ ಖಂಡದ ಪಶ್ಚಿಮ ಕರಾವಳಿಯ ಹಳ್ಳಿಶಾಲೆಗಳಲ್ಲಿ ಸೇವೆಮಾಡುವ ವಿಷಯವಾಗಿ ನಮ್ಮೊಡನೆ ವಿಚಾರಿಸಿದವರೂ ಇದ್ದಾರೆ. ಇದು ಒಳ್ಳೇ ಆಶೆಯೇ. ಆದರೆ ಹೊರಡುವವನು ತನ್ನ ಸಂಗಡ ಏನನ್ನು ಕೊಂಡುಹೋಗಬೇಕು, ಹೋದ ಮೇಲೆ ಏನನ್ನು ಮೊದಲು ಮಾಡಬೇಕು ಎಂಬದನ್ನು ಮುಂದಾಗಿ ಯೋಚಿಸುವವರು ಸ್ವಲ್ಪ ಮಂದಿ. ಅಂಥವರಿಗೆ ಬುದ್ಧಿಮಾತುಗಳ ಪಟ್ಟಿಯನ್ನು ಕೊಡುವದಕ್ಕಿಂತ, ಒಂದು ಕಾಲದಲ್ಲಿ ಪರದೇಶದಿಂದ ನಮ್ಮ ನಾಡಿಗೇ ಉಪಾಧ್ಯಾಯರಾಗಿ ಬಂದ ಒಬ್ಬರ ಚರಿತ್ರೆಯನ್ನು ಹೇಳುವದು ಉತ್ತಮವೆಂದು ನಮಗೆ ತೋರಿತು. ಅವರೇ ಹೆರ್ಮನ್ ಮೋಗ್ಲಿಂಗ್ ಅಯ್ಯನವರು.

ಕಕ್ಕಬೆಯವರಿಗೆ ನಾಲ್ಕುನಾಡು ಅರಮನೆಯನ್ನು ತಿಳಿಸಿಕೊಡಬೇಕಾಗಿಲ್ಲ. ದೊಡ್ಡವೀರರಾಜೇಂದ್ರ ಅರಸನು 1790ರ ದಶಕದಲ್ಲಿ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಕಟ್ಟಿಸಿದ ಆ ಅರಮನೆಯಲ್ಲಿಯೇ ಕೊಡಗಿನ ಕಡೇ ಅರಸನಾದ ಚಿಕ್ಕವೀರರಾಜೇಂದ್ರನು 1834ರ ಏಪ್ರಿಲ್ ತಿಂಗಳಲ್ಲಿ ಇಂಗ್ಲಿಷರ ದಂಡು ಬರುವದನ್ನು ಕೇಳಿ ಅಡಗಿದ್ದನು. ಆ ವರುಷವೇ ಅವನ ರಾಜ್ಯವು ಹೋಯಿತು. ಅದೇ ವರುಷದ ಅಕ್ಟೋಬರ್ 30ರಂದು ಬಾಸೆಲ್ ಎಂಬ ಪಟ್ಟಣದ ಮಿಶನ್ ಸಂಘದವರು ಕಳುಹಿಸಿದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿನಲ್ಲಿ ಕಾಲಿಟ್ಟರು. ಅವರ ಹಿಂದೆ 1836ರಲ್ಲಿ ಬಂದವರು ಮೋಗ್ಲಿಂಗ್ ಅಯ್ಯನವರು. ಆಗ ಅವರಿಗೆ ಇಪ್ಪತ್ತೈದು ವರುಷ ಪ್ರಾಯ.

ಅವರು 1811ರ ಮೇ 29ರಂದು ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ಹುಟ್ಟಿದರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರವನ್ನು ಕಲಿತರು. ಬಾಸೆಲಿನ ಮಿಶನ್ ಶಾಲೆಗೆ ಸೇರುತ್ತಿದ್ದವರಲ್ಲಿ ಹೆಚ್ಚಿನವರು ಬೇಸಾಯಗಾರರ ಮತ್ತು ಕೈಕಸಬಿನವರ ಮಕ್ಕಳು. ಇವರಾದರೋ ಸ್ವದೇಶದಲ್ಲಿದ್ದರೆ ದೊಡ್ಡ ಸಭೆಗೆ ಪಾದ್ರಿಯಾಗಿ ಮಾನದಿಂದ ಬಾಳಬಹುದಾದ ವಿದ್ಯಾವಂತರು. ಅದನ್ನು ಬಿಟ್ಟು ಪರದೇಶಕ್ಕೆ ತಮ್ಮನ್ನು ತಾವೇ ಒಪ್ಪಿಸಿಕೊಟ್ಟರು.

ಹೀಗೆ ಒಪ್ಪಿಸಿಕೊಡುವದು ಆ ದಿನಗಳಲ್ಲಿ ಎಷ್ಟು ಭಾರವಾದ ಸಂಗತಿಯೆಂದು ತಿಳಿಯಬೇಕಾದರೆ ಪಶ್ಚಿಮ ಆಫ್ರಿಕದ ಕಡೆಗೆ ನೋಡಬೇಕು. ಇದೇ ಸಂಘದವರು 1828ರಲ್ಲಿ ನಾಲ್ವರು ಯೌವನಸ್ಥರನ್ನು ಈಗ ಘಾನಾ ಎಂದು ಕರೆಯಲ್ಪಡುವ ಚಿನ್ನದ ಕರಾವಳಿಗೆ ಕಳುಹಿಸಿದ್ದರು. 1831ರೊಳಗೆ ಆ ನಾಲ್ವರೂ ಸತ್ತುಹೋದರು. 1832ರಲ್ಲಿ ಮತ್ತೆ ಮೂವರು ಹೋದರು. ಅವರಲ್ಲಿ ಇಬ್ಬರು ಬೇಗನೇ ಮಣ್ಣಾದರು. ಆಂಡ್ರಿಯಾಸ್ ರೀಸ್ ಎಂಬವರೊಬ್ಬರು ಮಾತ್ರ ಉಳಿದು, 1835ರಲ್ಲಿ ಗುಡ್ಡಗಾಡಿನ ಅಕ್ರೋಪಾಂಗ್ ಎಂಬ ಊರಿಗೆ ಹೋಗಿ ನೆಲೆಸಿದರು. ಒಂದೇ ಮನೆಯ ಬಾಗಲಿನಿಂದ ಒಂದು ದಾರಿಯು ಆ ಕರಾವಳಿಗೂ ಇನ್ನೊಂದು ದಾರಿಯು ನಮ್ಮ ಕರಾವಳಿಗೂ ಹೊರಟಿತ್ತು. ಆ ಬಾಗಲನ್ನು ದಾಟುವವರು ತಿರಿಗಿ ಬರುವೆವೆಂಬ ಭರವಸೆಯನ್ನು ಕಟ್ಟಿಕೊಂಡು ದಾಟುತ್ತಿರಲಿಲ್ಲ.

ಮಂಗಳೂರಿಗೆ ಬಂದ ಮೋಗ್ಲಿಂಗ್ ಅಯ್ಯನವರಿಗೆ ಗ್ರೀಕ್, ಲತೀನ್ ಮೊದಲಾದ ಭಾಷೆಗಳು ಗೊತ್ತಿದ್ದವು. ಆದರೆ ಬೀದಿಯಲ್ಲಿ ಆಡುವ ಮಗುವಿನ ಒಂದು ಮಾತಾದರೂ ಗೊತ್ತಿರಲಿಲ್ಲ. ಆದದರಿಂದ ಅವರು ಮೊದಲು ಶಿಷ್ಯರಾದರು. ಮಂಗಳೂರಿನಲ್ಲಿಯೂ ಧಾರವಾಡದಲ್ಲಿಯೂ ಇದ್ದುಕೊಂಡು ಕನ್ನಡವನ್ನು ಕಲಿತರು. ಆ ಮೇಲೆ ಮಂಗಳೂರಿನಲ್ಲಿ ಹುಡುಗರನ್ನು ಕೂಡಿಸಿ ಶಾಲೆ ನಡಿಸಿದರು. ಮುಂದೆ ಬಲ್ಮಠದ ಗುಡ್ಡದ ಮೇಲೆ ಉಪದೇಶಿಗಳನ್ನೂ ಉಪಾಧ್ಯಾಯರನ್ನೂ ಸಿದ್ಧಮಾಡುವ ಪಾಠಶಾಲೆಯು ಅವರ ಕೈಯಿಂದ ಪ್ರಾರಂಭವಾಯಿತು. ಆ ಗುಡ್ಡದ ಮೇಲೆ ದೇವಶಾಸ್ತ್ರದ ಬೋಧನೆಯು ಈ ಹೊತ್ತಿಗೂ ನಡೆಯುತ್ತಲಿದೆ. ಸಾಹೇಬರು ಒಂದು ಕಡೆ, ಶಿಷ್ಯರು ಒಂದು ಕಡೆ ಎಂಬ ಕ್ರಮವು ಅವರಿಗೆ ಸರಿಬೀಳಲಿಲ್ಲ. ಹುಡುಗರ ನಡುವೆಯೇ ವಾಸಮಾಡಿ ಅವರಿಗೆ ಅವರ ನಾಡಿನ ಮಾತಿನಲ್ಲಿಯೇ ಕಲಿಸಿದರು.

1841ರಲ್ಲಿ ಬಲ್ಮಠದಲ್ಲಿ ಕಲ್ಲಚ್ಚಿನ ಮುದ್ರಣಾಲಯವು ಸ್ಥಾಪಿತವಾಯಿತು. ಆ ಕಲ್ಲಚ್ಚಿನಿಂದಲೇ 1843ರ ಜುಲೈ 1ರಂದು ಮಂಗಳೂರ ಸಮಾಚಾರ ಎಂಬ ಪತ್ರಿಕೆಯು ಹೊರಟಿತು. ಕನ್ನಡದಲ್ಲಿ ಹುಟ್ಟಿದ ಮೊದಲನೇ ವರ್ತಮಾನ ಪತ್ರಿಕೆಯು ಅದೇ. ಹದಿನೈದು ದಿನಗಳಿಗೊಮ್ಮೆ ಬರುತ್ತಿದ್ದ ಆ ನಾಲ್ಕು ಪುಟಗಳಲ್ಲಿ ಊರಿನ ಸುದ್ದಿ, ಸರಕಾರದ ನಿಬಂಧನೆಗಳು, ದೂರದೇಶದ ವರ್ತಮಾನ, ದಾಸರ ಪದ, ಕಥೆ, ಗಾದೆಗಳು ಇರುತ್ತಿದ್ದವು. ಮರುವರುಷ ಅದು ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರ ಎಂಬ ಹೆಸರನ್ನು ಹೊಂದಿತು. ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವಾಗಿ ಆಚರಿಸುವದಕ್ಕೆ ಇದೇ ಕಾರಣ.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಬೋಧಿಸಲು ಬಂದವರು ದಾಸರ ಪದಗಳನ್ನು ಏಕೆ ಅಚ್ಚುಹಾಕಿಸಬೇಕು? ಮೋಗ್ಲಿಂಗ್ ಅಯ್ಯನವರು ಊರೂರಿನ ಗಾದೆಗಳನ್ನು ಕೂಡಿಸಿದರು. ಓಲೆಗರಿಗಳಲ್ಲಿದ್ದ ಹಳೆಯ ಕಾವ್ಯಗಳನ್ನು ಹುಡುಕಿಸಿದರು. ಕ್ಯಾಸಮೇಜರ್ ಎಂಬ ಇಂಗ್ಲಿಷ್ ದೊರೆಯ ಧನಸಹಾಯದಿಂದ 1848ರಿಂದ 1853ರ ವರೆಗೆ ಬಿಬ್ಲಿಯೊಥೆಕಾ ಕರ್ನಾಟಿಕಾ ಎಂಬ ಮಾಲೆಯನ್ನು ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಮುದ್ರಿಸಿದರು. ಜೈಮಿನಿ ಭಾರತ, ಬಸವ ಪುರಾಣ, ಚನ್ನಬಸವ ಪುರಾಣ, ದಾಸರ ಪದಗಳು ಮುಂತಾದವು ಅದರಲ್ಲಿ ಬಂದವು. ಇವು ಅವರ ಮತದ ಗ್ರಂಥಗಳಲ್ಲ. ಆದರೂ ತಾನು ಯಾರಿಗೆ ಕಲಿಸುತ್ತೇನೋ ಅವರ ತಾತಮುತ್ತಾತಂದಿರು ಏನನ್ನು ಹಾಡಿದರು, ಏನನ್ನು ನಂಬಿದರು ಎಂಬದನ್ನು ಅರಿಯದವನು ಅವರ ಮಕ್ಕಳ ಮನಸ್ಸಿನ ಕದವನ್ನು ತಟ್ಟಲಾರನೆಂದು ಅವರು ಕಂಡುಕೊಂಡಿದ್ದರು. ಈ ಕೆಲಸಕ್ಕಾಗಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1858ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟಿತು.

ಅವರ ಜೀವಿತದಲ್ಲಿ ಎಲ್ಲವೂ ಸುಲಭವಾಗಿತ್ತೆಂದು ಬರೆದರೆ ಸತ್ಯಕ್ಕೆ ಕುಂದು. ಅವರ ಶಿಷ್ಯರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯೌವನಸ್ಥನಿದ್ದನು. 1844ರ ಜನವರಿ ತಿಂಗಳಲ್ಲಿ ಅವನು ದೀಕ್ಷಾಸ್ನಾನ ಹೊಂದಿದಾಗ ಪಟ್ಟಣದಲ್ಲಿ ದೊಡ್ಡ ಕೋಲಾಹಲವಾಯಿತು. ಅವನ ಪತ್ನಿಯು ಅವನ ಸಂಗಡ ಬರಲಿಲ್ಲ. ಮನೆಯವರಿಗೆ ಅವನು ಬದುಕಿದ್ದರೂ ಇಲ್ಲದವನಾದನು. ಕೌಂಡಿನ್ಯ ಅಯ್ಯನವರ ನಂಬಿಕೆಯನ್ನು ನಾವು ಸ್ಮರಿಸುವಾಗ, ಆ ದಿನ ಕಣ್ಣೀರಿಟ್ಟ ಮನೆಯನ್ನೂ ಮರೆಯಬಾರದು. ಶಾಲೆಗೆ ಬರುವ ಮಗುವು ಒಂದು ಮನೆಯಿಂದ ಬರುತ್ತದೆ. ಉಪಾಧ್ಯಾಯನು ಆಡುವ ಮಾತು ಆ ಮನೆಯ ಒಳಗಿನ ವರೆಗೆ ಹೋಗುತ್ತದೆ. ಇದು ಹಗುರವಾದ ಅಧಿಕಾರವಲ್ಲ. ಪರದೇಶದಿಂದ ಬಂದವನಿಗೆ ತನ್ನ ಊರಿಗೆ ಹಿಂದಿರುಗುವ ಹಡಗುಂಟು. ಶಿಷ್ಯನಾದರೋ ಅದೇ ಬೀದಿಯಲ್ಲಿ ಬಾಳಬೇಕು. ಮೋಗ್ಲಿಂಗ್ ಅಯ್ಯನವರು ಅವನ ಕೈಬಿಡಲಿಲ್ಲವೆಂಬದು ಅವರ ಪರವಾಗಿ ಹೇಳಬೇಕಾದ ಮಾತು. 1846ರಲ್ಲಿ ಅವನನ್ನು ತಮ್ಮ ಸಂಗಡ ಬಾಸೆಲಿಗೆ ಕರೆದುಕೊಂಡು ಹೋದರು. ಅಲ್ಲಿ ಕಲಿತು 1851ರಲ್ಲಿ ಪಾದ್ರಿದೀಕ್ಷೆ ಹೊಂದಿದ ಕೌಂಡಿನ್ಯರು ಸ್ವದೇಶಕ್ಕೆ ಹಿಂದಿರುಗಿ, ತಾವು ಕಲಿತ ಪಾಠಶಾಲೆಯಲ್ಲಿಯೇ ಗುರುಗಳಾದರು. ಅವರು ತೀರಿಕೊಂಡದ್ದು 1893ರಲ್ಲಿ.

1853ರಲ್ಲಿ ಮೋಗ್ಲಿಂಗ್ ಅಯ್ಯನವರು ನಮ್ಮ ಕೊಡಗಿಗೆ ಬಂದರು. ಅಲ್ಮಂಡ ಮನೆತನದ ಸೋಮಯ್ಯ ಎಂಬ ಕೊಡವರು ಮಂಗಳೂರಿನಲ್ಲಿ ಸ್ತೆಫಾನ ಎಂಬ ಹೆಸರಿನಿಂದ ದೀಕ್ಷಾಸ್ನಾನ ಹೊಂದಿದ್ದರು. ಅವರ ಜೊತೆಯಲ್ಲಿ ಅಯ್ಯನವರು ಘಟ್ಟ ಹತ್ತಿ ಅಲ್ಮಂಡಕ್ಕೆ ಹೋದರು. ಆಗ ಅವರಿಗೆ ನಾಲ್ವತ್ತೆರಡು ವರುಷ. ಹೊಸ ನಾಡಿನಲ್ಲಿ ತಿರಿಗಿ ಶಿಷ್ಯರಾದರು. ಕೊಡವರ ಐನ್‌ಮನೆ, ಹಬ್ಬ, ಬೇಸಾಯ, ಅರಸರ ಕಾಲದ ಸುಖದುಃಖಗಳನ್ನು ಕೇಳಿ ತಿಳಿದು, ಕೊಡಗಿನ ವೃತ್ತಾಂತವನ್ನು ಇಂಗ್ಲಿಷಿನಲ್ಲಿ ಬರೆದು 1855ರಲ್ಲಿ ಬೆಂಗಳೂರಿನಲ್ಲಿ ಪ್ರಕಟಿಸಿದರು. ನಾಲ್ಕುನಾಡು ಅರಮನೆಯನ್ನು ಕಟ್ಟಿಸಿದ ಅರಸನ ಚರಿತ್ರೆಯಾದ ರಾಜೇಂದ್ರನಾಮೆ ಎಂಬ ಕನ್ನಡ ಗ್ರಂಥವನ್ನು 1857ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದರು. ಭೂಮಿಯಿಲ್ಲದೆ ತಲತಲಾಂತರದಿಂದ ಜೀತದಲ್ಲಿದ್ದ ಜನರು ಅವರ ಬಳಿಗೆ ಬಂದಾಗ, ಓದುಬರಹದ ಸಂಗಡ ಕಾಲೂರುವ ನೆಲವೂ ಅವರಿಗೆ ಬೇಕೆಂದು ಅರಿತರು. ಆನಂದಪುರ ಎಂಬ ಹಳ್ಳಿಯು ಹೀಗೆ ಹುಟ್ಟಿತು.

ಆ 1853ನೇ ವರುಷವು ಜ್ಞಾಪಕದಲ್ಲಿಡತಕ್ಕದ್ದು. ಅದೇ ವರುಷದಲ್ಲಿ ವ್ಯುರ್ಟೆಂಬರ್ಗಿನವರೇ ಆದ ಯೋಹಾನ್ನೆಸ್ ಕ್ರಿಸ್ಟಲರ್ ಎಂಬ ಇಪ್ಪತ್ತೈದು ವರುಷದ ಯೌವನಸ್ಥರು ಅದೇ ಬಾಸೆಲಿನಿಂದ ಹೊರಟು ಪಶ್ಚಿಮ ಆಫ್ರಿಕದ ಅಕ್ರೋಪಾಂಗಿನ ಪಾಠಶಾಲೆಗೆ ಉಪಾಧ್ಯಾಯರಾಗಿ ಹೋದರು. ಅವರೂ ಹುಡುಗರಿಗೆ ಕಲಿಸುತ್ತಾ ಹುಡುಗರಿಂದಲೂ ಹಿರಿಯರಿಂದಲೂ ಟ್ವಿ ಎಂಬ ಅಲ್ಲಿಯ ಭಾಷೆಯನ್ನು ಕಲಿತರು. 1871ರಲ್ಲಿ ಆ ಭಾಷೆಯ ಸತ್ಯವೇದವು ಅಚ್ಚಾಯಿತು. 1879ರಲ್ಲಿ ಮೂರು ಸಾವಿರದ ಆರುನೂರು ಗಾದೆಗಳನ್ನು ಪುಸ್ತಕಮಾಡಿದರು. 1881ರಲ್ಲಿ ನಿಘಂಟನ್ನು ಮುಗಿಸಿದರು. ಅಕ್ರೋಪಾಂಗಿನ ಡೇವಿಡ್ ಅಸಾಂಟೆ ಎಂಬ ಯೌವನಸ್ಥನು, ನಮ್ಮ ಕೌಂಡಿನ್ಯರ ಹಾಗೆಯೇ, ಬಾಸೆಲಿಗೆ ಹೋಗಿ ಕಲಿತು ಬಂದು ಸ್ವಜನರಿಗೆ ಪಾದ್ರಿಯಾದನು. ಇಬ್ಬರು ಉಪಾಧ್ಯಾಯರು, ಎರಡು ಖಂಡಗಳು. ಇಬ್ಬರೂ ಗಾದೆಗಳನ್ನು ಹೆಕ್ಕಿದರು. ಇದು ಆಕಸ್ಮಿಕವಲ್ಲ. ಒಂದು ಜನಾಂಗದ ಬುದ್ಧಿಯು ಗಾದೆಯಲ್ಲಿ ಕೂತಿರುತ್ತದೆ; ಅದನ್ನು ಕೇಳುವ ತಾಳ್ಮೆಯುಳ್ಳವನೇ ಆ ಜನರಿಗೆ ಏನನ್ನಾದರೂ ಹೇಳಬಲ್ಲನು.

ಪತ್ನಿಯಾದ ಪೌಲಿನೆ ಅಮ್ಮನವರ ದೇಹಸ್ಥಿತಿಯು ಕೆಟ್ಟದರಿಂದ ಮೋಗ್ಲಿಂಗ್ ಅಯ್ಯನವರು 1860ರಲ್ಲಿ ಜರ್ಮನಿಗೆ ಹಿಂದಿರುಗಿದರು. ಪುನಃ ಕೊಡಗನ್ನು ಕಾಣಲಿಲ್ಲ. ಅಲ್ಲಿಯೂ ಕನ್ನಡವನ್ನು ಬಿಡಲಿಲ್ಲ. ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ತಮ್ಮ ಜನರಿಗೆ ತಿಳಿಸಿದರು. ಕೊಡಲು ಬಂದವರು ಕೊಂಡುಹೋದದ್ದನ್ನು ಹೀಗೆ ಸ್ವದೇಶದಲ್ಲಿ ಹಂಚಿದರು. 1881ರ ಮೇ 10ರಂದು ಎಸ್‌ಲಿಂಗೆನ್ ಎಂಬ ಊರಿನಲ್ಲಿ ನಿದ್ರೆಹೊಂದಿದರು. ತಲಚೇರಿಯಲ್ಲಿ ಮಲಯಾಳ ಭಾಷೆಗಾಗಿ ದುಡಿದ ಅವರ ಸ್ನೇಹಿತರಾದ ಗುಂಡರ್ಟ್ ಅಯ್ಯನವರು ಮರುವರುಷ ಅವರ ಜೀವಚರಿತ್ರೆಯನ್ನು ಪ್ರಕಟಿಸಿದರು.

ಅವರು ತೆರೆದ ದಾರಿಯಲ್ಲಿ ಇತರರು ನಡೆದರು. ಮಡಿಕೇರಿಯ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದ ರಿಕ್ಟರ್ ಅಯ್ಯನವರು 1870ರಲ್ಲಿ ಕೊಡಗಿನ ಕೈಪಿಡಿಯನ್ನು ಬರೆದರು. ಕಿಟ್ಟೆಲ್ ಅಯ್ಯನವರ ಕನ್ನಡ ನಿಘಂಟು 1894ರಲ್ಲಿ ಹೊರಬಂತು. ಇದಕ್ಕಿಂತಲೂ ಸಂತೋಷಕರವಾದದ್ದೇನೆಂದರೆ, 1924ರಲ್ಲಿ ಕೊಡವರೇ ಆದ ನಡಿಕೇರಿಯಂಡ ಚಿಣ್ಣಪ್ಪನವರು ತಮ್ಮ ಜನರ ಹಾಡುಗಳನ್ನು ಕೂಡಿಸಿ ಪಟ್ಟೋಲೆ ಪಳಮೆಯನ್ನು ಲೋಕಕ್ಕೆ ಕೊಟ್ಟದ್ದು. ನಾಡಿನ ಮಕ್ಕಳೇ ಲೇಖಣಿಯನ್ನು ಹಿಡಿದಾಗ ಪರದೇಶದ ಉಪಾಧ್ಯಾಯನು ಪಕ್ಕಕ್ಕೆ ನಿಲ್ಲಬೇಕು. ಅದೇ ಅವನ ಕೆಲಸದ ಪೂರ್ಣತೆ.

ನಾವು ಕಡಲ ತೀರದಿಂದ ಈ ಬೆಟ್ಟದ ಸೀಮೆಗೆ ಬಂದವರು. ಪಾಠಶಾಲೆಯಲ್ಲಿ ಕಲಿತದ್ದೆಲ್ಲವೂ ತಲೆಯಲ್ಲಿತ್ತು. ಮೊದಲನೇ ಮಳೆಗಾಲದಲ್ಲಿ ಕಕ್ಕಬೆಯ ತೋಟದ ಲೈನಿನ ಮಕ್ಕಳಿಗೆ ಸಂಜೆಪಾಠ ಹೇಳುತ್ತಿದ್ದಾಗ ಒಬ್ಬ ಹುಡುಗನು ಎರಡು ತಿಂಗಳ ವರೆಗೆ ಬಾಯಿ ತೆರೆಯಲಿಲ್ಲ. ಅವನನ್ನು ಮಂದನೆಂದು ಎಣಿಸಿ ಹಿಂದಿನ ಸಾಲಿನಲ್ಲಿ ಕೂಡ್ರಿಸಿದೆವು. ಮಳೆ ಬಿಟ್ಟ ಮೇಲೆ ಒಂದು ದಿನ ಕಾಡಿನ ಅಂಚಿನಲ್ಲಿ ಅವನು ಚಿಕ್ಕ ಮಕ್ಕಳನ್ನು ಕೂಡಿಸಿ, ಯಾವ ಮರದಲ್ಲಿ ಯಾವ ಜೇನು ಕಟ್ಟುತ್ತದೆ, ಯಾವ ಹೂ ಅರಳಿದಾಗ ತುಪ್ಪ ತುಂಬುತ್ತದೆ ಎಂಬದನ್ನು ತನ್ನ ಮನೆಯ ಮಾತಿನಲ್ಲಿ ಕೈಬೀಸಿ ವಿವರಿಸುತ್ತಿರುವದನ್ನು ಕಂಡೆವು. ಆ ಮಾತು ನಮಗೆ ಅರ್ಧವೂ ತಿಳಿಯಲಿಲ್ಲ. ಮಂದರು ಯಾರೆಂಬದು ಮಾತ್ರ ತಿಳಿಯಿತು. ಮರುದಿನ ಅವನ ಪಕ್ಕದಲ್ಲಿ ಕೂತು ಜೇನಿಗೆ ಅವರ ಮಾತಿನಲ್ಲಿ ಏನೆನ್ನುವರೆಂದು ಕೇಳಿದೆವು. ಅವನು ನಕ್ಕು ಹೇಳಿಕೊಟ್ಟನು. ನಮ್ಮ ಉಚ್ಚಾರವನ್ನು ಮೂರು ಸಾರಿ ತಿದ್ದಿದನು. ಅಂದಿನಿಂದ ಅವನು ಪಾಠದಲ್ಲಿ ಮಾತಾಡಿದನು.

ಆದದರಿಂದ ಯೌವನಸ್ಥರೇ, ನೀವು ಘಾನಾ ದೇಶಕ್ಕೆ ಹೋದರೂ ಸರಿ, ಮುಂದಿನ ಗುಡ್ಡದಾಚೆಯ ಶಾಲೆಗೆ ಹೋದರೂ ಸರಿ, ಹೋಗಿರಿ. ಆದರೆ ಒಂದು ಖಾಲಿ ಪುಸ್ತಕವನ್ನು ಕೊಂಡುಹೋಗಿರಿ. ಮೊದಲನೇ ವರುಷ ಅಲ್ಲಿಯ ಮಕ್ಕಳು ಹೇಳುವದನ್ನು ಅದರಲ್ಲಿ ಬರೆದುಕೊಳ್ಳಿರಿ. ನಿಮ್ಮ ಕಾಲಾವಧಿ ತೀರಿ ಹಿಂದಿರುಗುವಾಗ ಅಲ್ಲಿ ಉಳಿಯಬೇಕಾದ ಮಗುವಿಗೆ ನಿಮ್ಮಿಂದ ಭಾರ ಹೆಚ್ಚಿತೋ ಬಲ ಹೆಚ್ಚಿತೋ ಎಂದು ನಿಮ್ಮನ್ನು ನೀವೇ ವಿಚಾರಿಸಿಕೊಳ್ಳಿರಿ. ಮೋಗ್ಲಿಂಗ್ ಅಯ್ಯನವರ ಹೆಸರು ನಮ್ಮ ನಾಡಿನಲ್ಲಿ ಇನ್ನೂ ಬಾಳುವದು ಅವರು ತಂದದರಿಂದ ಮಾತ್ರವಲ್ಲ, ನಮ್ಮಿಂದ ಕೇಳಿ ಬರೆದುಕೊಂಡು ನಮಗೇ ಉಳಿಸಿಕೊಟ್ಟದರಿಂದ. ಅಂಥ ಉಪಾಧ್ಯಾಯರನ್ನು ದೇವರು ನಮ್ಮ ಸಭೆಗಳಿಂದಲೂ ಎಬ್ಬಿಸಲಿ.