ರುಡಾಲ್ಫ್ ಡೀಸೆಲ್: ಎಂಜಿನಿನ ಬಲ, ಎಂಜಿನಿನ ಬಾಳಿಕೆ

ತುಮಕೂರಿನ ಮರಳೂರು ಬಳಿ ಕುಣಿಗಲ್ ರಸ್ತೆಯ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ತೆಂಗಿನಕಾಯಿ, ಇಟ್ಟಿಗೆ, ಜಲ್ಲಿ ಹೇರಿದ ಲಾರಿಗಳು ಒಂದರ ಹಿಂದೆ ಒಂದು ಹಾದುಹೋಗುತ್ತವೆ. ಆ ಲಾರಿಯ ಎಂಜಿನಿಗೂ, ಅದಕ್ಕೆ ಬಂಕಿನಲ್ಲಿ ಹಾಕಿಸುವ ಎಣ್ಣೆಗೂ ಇರುವುದು ಒಬ್ಬ ಮನುಷ್ಯನ ಹೆಸರು. ಆತನೇ ರುಡಾಲ್ಫ್ ಡೀಸೆಲ್. ಎಂಜಿನಿನ ಬಲ ಹೆಚ್ಚಿಸಿದರೆ ಬಾಳಿಕೆ ಏನಾಗುತ್ತದೆ ಎಂದು ಕಷ್ಟಪಟ್ಟು ಕಲಿತವನೂ ಆತ.

ಕಸಬುದಾರನ ಮಗ

ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್ಸಿನಲ್ಲಿ. ತಂದೆ ತಾಯಿ ಜರ್ಮನಿಯ ಬವೇರಿಯ ಸೀಮೆಯವರು. ತಂದೆಯದು ಪುಸ್ತಕಕ್ಕೆ ರಟ್ಟು ಕಟ್ಟುವ, ಚರ್ಮದ ಸಾಮಾನು ಮಾಡುವ ಕಸಬು. 1870ರಲ್ಲಿ ಫ್ರಾನ್ಸಿಗೂ ಜರ್ಮನರಿಗೂ ಯುದ್ಧ ಹತ್ತಿಕೊಂಡಾಗ ಸಂಸಾರ ಊರು ಬಿಟ್ಟು ಲಂಡನ್ನಿಗೆ ಓಡಬೇಕಾಯಿತು. ಹನ್ನೆರಡು ವರ್ಷದ ಹುಡುಗನನ್ನು ಜರ್ಮನಿಯ ಆಗ್ಸ್‌ಬರ್ಗಿನ ಬಂಧುಗಳ ಮನೆಗೆ ಕಳಿಸಿದರು. ಅಲ್ಲಿ ಓದಿ, ಮುಂದೆ ಮ್ಯೂನಿಕ್ಕಿನಲ್ಲಿ ಎಂಜಿನಿಯರಿಂಗ್ ಕಲಿತು, 1880ರಲ್ಲಿ ಬಹಳ ಹೆಚ್ಚಿನ ಅಂಕಗಳೊಂದಿಗೆ ಪಾಸಾದ.

ಆ ಕಾಲದ ಉಗಿಯಂತ್ರಗಳು ಕಲ್ಲಿದ್ದಲನ್ನು ಸುಟ್ಟು ಬಹುಪಾಲು ಶಾಖವನ್ನು ಗಾಳಿಗೆ ಬಿಡುತ್ತಿದ್ದವು. ಈ ದಂಡ ತಪ್ಪಿಸಬೇಕೆಂಬುದೇ ಡೀಸೆಲ್ಲನ ಹಂಬಲವಾಯಿತು. ಸಿಲಿಂಡರಿನಲ್ಲಿ ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ. ಕಾದ ಗಾಳಿಗೆ ಎಣ್ಣೆ ಚಿಮುಕಿಸಿದರೆ ಕಿಡಿಯ ಹಂಗಿಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ. ಸೈಕಲ್ ಪಂಪನ್ನು ಬೀಸಾಗಿ ಹೊಡೆದಾಗ ಅದರ ತುದಿ ಬಿಸಿಯಾಗುವುದನ್ನು ನಾವೆಲ್ಲ ಕಂಡಿದ್ದೇವೆ. ತತ್ವ ಅದೇ.

ಸಿಡಿದ ಎಂಜಿನು

ಕಾಗದದ ಮೇಲೆ ಆತ ಹಾಕಿದ ಲೆಕ್ಕ ಭಾರಿಯದು. ಗಾಳಿಯನ್ನು ವಾತಾವರಣದ 250 ಪಟ್ಟು ಒತ್ತಬೇಕೆಂದಿದ್ದ. ಲಾರಿ ಚಕ್ರದ ಗಾಳಿಗೆ ಹೋಲಿಸಿದರೆ ಸುಮಾರು 30 ಪಟ್ಟು. ಆಗಿನ ಕಬ್ಬಿಣಕ್ಕೆ ಆ ತಾಕತ್ತಿರಲಿಲ್ಲ. 1893ರ ಆಗಸ್ಟ್ 10ರಂದು ಆಗ್ಸ್‌ಬರ್ಗ್ ಕಾರ್ಖಾನೆಯಲ್ಲಿ ಮೊದಲ ಎಂಜಿನಿಗೆ ಎಣ್ಣೆ ಬಿಟ್ಟಾಗ, ಅದರ ಮೇಲಿದ್ದ ಒತ್ತಡದ ಮಾಪಕವೇ ಸಿಡಿದು ಚೂರಾಯಿತು. ಡೀಸೆಲ್ ಕೂದಲೆಳೆಯಲ್ಲಿ ಪಾರಾದ.

ಆತ ಹಟ ಬಿಡಲಿಲ್ಲ, ಲೆಕ್ಕ ಬದಲಿಸಿದ. ಒತ್ತಡವನ್ನು ಸುಮಾರು 30 ಪಟ್ಟಿಗೆ ಇಳಿಸಿದ. 1897ರ ಫೆಬ್ರವರಿ 17ರಂದು ಪ್ರೊಫೆಸರ್ ಮಾರಿಟ್ಸ್ ಶ್ರೋಟರ್ ಎಂಜಿನನ್ನು ಅಧಿಕೃತವಾಗಿ ಪರೀಕ್ಷಿಸಿದರು. ಎಣ್ಣೆಯ ಶಾಖದಲ್ಲಿ ನೂರಕ್ಕೆ ಸುಮಾರು 26 ಪಾಲು ಕೆಲಸಕ್ಕೆ ಬಂದಿತ್ತು. ಸಾಮಾನ್ಯ ಉಗಿಯಂತ್ರಕ್ಕೆ ಹತ್ತು ಪಾಲು ದಕ್ಕಿದರೆ ಹೆಚ್ಚು. ಆದರೆ ಬರೀ 20 ಅಶ್ವಶಕ್ತಿಗೆ ಎಂಜಿನಿನ ತೂಕ ಸುಮಾರು ನಾಲ್ಕೂವರೆ ಟನ್. ನಿಮಿಷಕ್ಕೆ 200 ಸುತ್ತೂ ತಿರುಗುತ್ತಿರಲಿಲ್ಲ.

ಹಣ ಹರಿದು ಬಂತು. ಆದರೆ ಪಕ್ವವಾಗುವ ಮೊದಲೇ ಮಾರಾಟಕ್ಕಿಳಿದ ಎಂಜಿನುಗಳು ಕೆಟ್ಟವು, ಕೊಂಡವರು ಹಿಂದಿರುಗಿಸಿದರು. ಡೀಸೆಲ್ಲನ ಆರೋಗ್ಯವೂ ಕೆಟ್ಟಿತು, ಸಾಲ ಬೆಳೆಯಿತು. 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೊರಟಿದ್ದ ಹಡಗಿನಿಂದ ಕಾಣೆಯಾದ. ಕೆಲವು ದಿನಗಳ ಮೇಲೆ ಸಮುದ್ರದಲ್ಲಿ ಹೆಣ ಸಿಕ್ಕಿತು. ತನ್ನ ಎಂಜಿನನ್ನು ಲಾರಿಗೆ ಕೂರಿಸಲು ಆತ ಮಾಡಿದ ಯತ್ನ ಬದುಕಿದ್ದಾಗ ಫಲಿಸಲಿಲ್ಲ. ಡೀಸೆಲ್ ಲಾರಿಗಳು ಜರ್ಮನಿಯಲ್ಲಿ ರಸ್ತೆಗಿಳಿದದ್ದು 1923-24ರ ಸುಮಾರಿಗೆ.

ಲಾರಿ ಇಟ್ಟವರಿಗೆ ಪಾಠ

ಇಂದಿನ ಕೆಲವು ಭಾರಿ ಲಾರಿಗಳ ಸಿಲಿಂಡರಿನಲ್ಲಿ ಎಣ್ಣೆ ಉರಿಯುವಾಗ ಒತ್ತಡ 200 ಪಟ್ಟನ್ನೂ ದಾಟುತ್ತದೆ. ಹಾಗಿದ್ದೂ ಅವು ಲಕ್ಷಗಟ್ಟಲೆ ಕಿಲೋಮೀಟರ್ ಓಡುತ್ತವೆ. ಬ್ಲಾಕು, ಪಿಸ್ಟನ್ನು, ಬೇರಿಂಗು, ತಂಪು ಮಾಡುವ ಏರ್ಪಾಡು ಎಲ್ಲವನ್ನೂ ಆ ಬಲಕ್ಕೆಂದೇ ಕಾರ್ಖಾನೆಯಲ್ಲಿ ಗಟ್ಟಿ ಮಾಡಿರುವುದೇ ಇದಕ್ಕೆ ಕಾರಣ. ಅಂದರೆ ಹೆಚ್ಚು ಬಲವೇ ಕೆಡುಕಲ್ಲ. ಕಡಿಮೆ ಬಲಕ್ಕೆ ಕಟ್ಟಿದ ಎಂಜಿನಿನಿಂದ ಹೆಚ್ಚು ಬಲ ಹಿಂಡುವುದು ಕೆಡುಕು.

ಲೋಡು ಎಳೆಯುತ್ತಿಲ್ಲವೆಂದು ಪಂಪಿನಲ್ಲಿ ಡೀಸೆಲ್ ಏರಿಸುವುದುಂಟು. ಹೊಸ ಗಾಡಿಗಳಲ್ಲಿ ಕಂಪ್ಯೂಟರಿನ ಲೆಕ್ಕವನ್ನೇ ತಿದ್ದಿಸುತ್ತಾರೆ. ಎಣ್ಣೆ ಹೆಚ್ಚಾಗಿ ಗಾಳಿ ಅಷ್ಟೇ ಇದ್ದರೆ ಪೂರ್ತಿ ಉರಿಯದೆ ಕಪ್ಪು ಹೊಗೆ ಬರುತ್ತದೆ. ಮಸಿ ಎಂಜಿನ್ ಆಯಿಲಿಗೆ ಸೇರಿ ಸವೆತ ಹೆಚ್ಚಿಸುತ್ತದೆ. ಪಿಸ್ಟನ್ನಿನ ತಲೆ, ವಾಲ್ವು, ಟರ್ಬೊ ಮಿತಿಮೀರಿ ಕಾಯುತ್ತವೆ. ಟರ್ಬೊ ಗಾಳಿಯನ್ನೂ ಏರಿಸಿದರೆ ಹೊಗೆ ಕಡಿಮೆಯಾದೀತು, ಆದರೆ ಒತ್ತಡದ ಪೆಟ್ಟು ಹೆಡ್ ಗ್ಯಾಸ್ಕೆಟ್ಟಿಗೂ ಬೇರಿಂಗಿಗೂ ಬೀಳುತ್ತದೆ. ಬಳಿಕ ಕ್ಲಚ್ಚು, ಗೇರುಬಾಕ್ಸಿನ ಸರದಿ. ಎಂದೋ ಒಮ್ಮೆ ಏರಿನಲ್ಲಿ ಪೂರ್ತಿ ಬಲ ಬಳಸುವುದು ಬೇರೆ, ದಿನವಿಡೀ ಹಾಗೆ ಓಡಿಸುವುದು ಬೇರೆ.

ಎಳೆತ ಕಡಿಮೆಯಾದರೆ ಮೊದಲು ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಇಂಜೆಕ್ಟರುಗಳನ್ನು ನೋಡಿಸಿ. ರೇಡಿಯೇಟರಿನ ನೀರನ್ನು ಗಮನಿಸಿ, ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸಿ. ಟರ್ಬೊ ಇರುವ ಗಾಡಿ ಲೋಡು ಎಳೆದು ಬಂದ ಕೂಡಲೇ ಆರಿಸಬೇಡಿ. ಒಂದೆರಡು ನಿಮಿಷ ನಿಧಾನಗತಿಯಲ್ಲಿ ಓಡಲು ಬಿಡಿ. ನಿತ್ಯದ ಹೊರೆಯೇ ಹೆಚ್ಚಿದ್ದರೆ ಅದಕ್ಕೆ ತಕ್ಕ ಗಾಡಿ ಕೊಳ್ಳುವುದೇ ಅಗ್ಗ.

ಎತ್ತಿನ ತ್ರಾಣ ನೋಡಿ ಗಾಡಿಗೆ ಹೇರುವುದು ರೈತನಿಗೆ ಹೊಸ ವಿದ್ಯೆಯಲ್ಲ. ಕಬ್ಬಿಣಕ್ಕೂ ತ್ರಾಣವೆಂಬುದು ಒಂದಿದೆ. ಡೀಸೆಲ್ಲನ ಎಂಜಿನು ಓಡಿದ್ದು ಆತ ಅದನ್ನು ಒಪ್ಪಿಕೊಂಡ ಮೇಲೆಯೇ.